ಮುಸರತಳ ವಂದನಾರ್ಪಣೆ

ಹಾವೇರಿ ಜಿಲ್ಲೆಯಲ್ಲಿ ನನ್ನಷ್ಟು ಭಾಷಣ ಕೇಳಿದ ಮನುಷ್ಯ ಇನ್ನೊಬ್ಬ ಇರಲಿಕ್ಕಿಲ್ಲ. ಇಷ್ಟಪಟ್ಟು ಕೇಳಿದ್ದಲ್ಲ. ಮೈಕ್ ಬಾಡಿಗೆಗೆ ಕೊಡುವವನು ನಾನು. ಮೋಟೆಬೆನ್ನೂರಿನಲ್ಲಿ ಅಂಗಡಿ, 'ದುರ್ಗೇಶ ಸೌಂಡ್ಸ್' ಅಂತ ಬೋರ್ಡು. ಸಭೆ ಎಲ್ಲೇ ಇರಲಿ, ಕುರ್ಚಿ ಹಾಕುವ ಮೊದಲು ನಾನು ಹೋಗಿರಬೇಕು, ಕುರ್ಚಿ ಎತ್ತಿದ ಮೇಲೆ ಬರಬೇಕು. ಬೇಸರ ಬಂದರೆ ಸಭಿಕರಿಗೆ ಫೋನ್ ಬಂತು ಅಂತ ಎದ್ದು ಹೊರಗೆ ಹೋಗುವ ಸೌಕರ್ಯವಿದೆ. ನನಗೆ ಅದೂ ಇಲ್ಲ.

ಈ ಭಾಷಣದವರ ಮೇಲೆ ನನಗಿರುವ ಸಿಟ್ಟು ಇವತ್ತು ನಿನ್ನೆಯದಲ್ಲ. ಬಾಡಿಗೆ ಬಂದರೆ ಸಾಕು ಅಂತ ನುಂಗಿಕೊಂಡು ಬಂದಿದ್ದೆ. ಬ್ಯಾಡಗಿಯ ಮುಸರತಳನ್ನು ನೋಡಿದ ಮೇಲೆ ನುಂಗುವುದು ಕಷ್ಟವಾಯಿತು. ಅವಳ ಬಗ್ಗೆ ಪೇಪರಿನಲ್ಲಿ ಬಂದಿದೆ. 'ಯುವ ಉದ್ಯಮಿಗೆ ಸನ್ಮಾನ' ಎಂದು ತಲೆಬರಹ ಕೊಟ್ಟು, ಸನ್ಮಾನ ಮಾಡಿದವರ ಹೆಸರುಗಳನ್ನೆಲ್ಲ ಸಾಲಾಗಿ ಹಾಕಿ, ಕೊನೆಗೆ ಅವಳ ಹೆಸರು ಬರೆಯಲು ಮರೆತಿದ್ದಾರೆ. ಅದಕ್ಕೇ ನಾನು ಬರೆಯಲು ಕೂತಿದ್ದೇನೆ.

ನಮ್ಮ ಕಡೆ ಉದ್ಯಮಿಗಳ ಸ್ನೇಹಕೂಟ ಅಂತ ಒಂದಿದೆ. ಮೆಣಸಿನಕಾಯಿ ವ್ಯಾಪಾರಿಗಳು, ಬೀಜದ ಕಂಪನಿಯವರು, ಗೊಬ್ಬರದವರು, ಲಾಡ್ಜಿನವರು, ಒಬ್ಬಿಬ್ಬರು ಡಾಕ್ಟರು ಅದರ ಸದಸ್ಯರು. ತಿಂಗಳಿಗೊಮ್ಮೆ ಸಭೆ: ಒಮ್ಮೆ ಹಾವೇರಿ, ಒಮ್ಮೆ ಬ್ಯಾಡಗಿ, ಒಮ್ಮೆ ರಾಣೆಬೆನ್ನೂರು. ಒಬ್ಬರಿಗೊಬ್ಬರು ಪರಿಚಯವಾಗಬೇಕು, ಕಾರ್ಡು ಬದಲಾಯಿಸಿಕೊಳ್ಳಬೇಕು, ಹೊಸದಾಗಿ ಧಂದೆ ತೆರೆದವರಿಗೆ ಗಿರಾಕಿ ಸಿಗಬೇಕು, ಇದು ಅದರ ಉದ್ದೇಶವಂತೆ. ಬ್ಯಾನರಿನ ಮೇಲೆ ದೊಡ್ಡದಾಗಿ 'ನೆಟ್‌ವರ್ಕಿಂಗ್ ಸಮಾವೇಶ' ಎಂದು ಬರೆಸಿರುತ್ತಾರೆ. ಆದರೆ ವೇದಿಕೆ ಇಲ್ಲದೆ ನಾಲ್ಕು ಜನ ಕೂಡಿ ಮಾತಾಡುವುದು ನಮ್ಮವರಿಗೆ ಗೊತ್ತಿಲ್ಲ. ವೇದಿಕೆ ಬಂತೆಂದರೆ ಪ್ರಾರ್ಥನೆ ಬಂತು, ದೀಪ ಬೆಳಗುವುದು ಬಂತು, ಸ್ವಾಗತ, ಪ್ರಾಸ್ತಾವಿಕ ನುಡಿ, ಸನ್ಮಾನ, ಅತಿಥಿಗಳ ಮಾತು, ಅಧ್ಯಕ್ಷರ ಮಾತು, ವಂದನಾರ್ಪಣೆ, ಊಟ. ಇದರಲ್ಲಿ ಧಂದೆಯ ಮಾತಾಡುವುದಕ್ಕೆ ಜಾಗ ಎಲ್ಲಿದೆಯೋ ನೀವೇ ಹುಡುಕಿ.

ಮುಸರತಳನ್ನು ಮೊದಲು ನೋಡಿದ್ದು ಹಾವೇರಿಯ ಸಭೆಯಲ್ಲಿ. ಹೆಗಲಿಗೆ ಲ್ಯಾಪ್‌ಟಾಪ್ ಚೀಲ ಹಾಕಿಕೊಂಡು ಎಲ್ಲರಿಗಿಂತ ಮೊದಲೇ ಬಂದಿದ್ದಳು. ನಾನಿನ್ನೂ ವೈರು ಎಳೆಯುತ್ತಿದ್ದೆ.

"ಅಣ್ಣಾರ, ನನ್ನ ಲ್ಯಾಪ್‌ಟಾಪಿನ ದನಿ ನಿಮ್ಮ ಸ್ಪೀಕರ್‌ನ್ಯಾಗ ಬರೂ ಹಂಗ ಮಾಡತೀರೇನ್ರಿ? ನನಗ ಐದು ನಿಮಿಷ ಕೊಟ್ಟಾರ" ಅಂದಳು.

ಮಾಡಿಕೊಟ್ಟೆ. ಸಭೆ ಶುರುವಾಯಿತು. ಅವಳ ಸರದಿ ಬಂದಾಗ ವೇದಿಕೆಯ ನಡುವೆ ಒಂದು ಕುರ್ಚಿ ಹಾಕಿ ಕೂರಿಸಿದರು. ಅಧ್ಯಕ್ಷರು ಎದ್ದರು. ಬ್ಯಾಡಗಿಯಲ್ಲಿ ಎರಡು ಕೋಲ್ಡ್ ಸ್ಟೋರೇಜ್, ಮೂರು ಗೋದಾಮು ಇರುವ ಮಾಲತೇಶ ಸಾಹುಕಾರರೇ ಈ ಸ್ನೇಹಕೂಟದ ಅಧ್ಯಕ್ಷರು. ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು. ವೇದಿಕೆಯ ಮೇಲಿದ್ದವರೆಲ್ಲ ಅವಳ ಹಿಂದೆ ನಿಂತು ಫೋಟೋ ತೆಗೆಸಿಕೊಂಡರು. ಅವಳು ಹಾರ ತೆಗೆದಿಟ್ಟು ಮೈಕಿನ ಕಡೆ ಬರುವಷ್ಟರಲ್ಲಿ ಕಾರ್ಯದರ್ಶಿ, "ವೇಳೆಯ ಅಭಾವದಿಂದ ಮುಂದಿನ ಕಾರ್ಯಕ್ರಮಕ್ಕೆ ಹೋಗೋಣ" ಅಂದುಬಿಟ್ಟ. ಆಮೇಲೆ ಮುಖ್ಯ ಅತಿಥಿ ಹಿಡಿದ ವೇಳೆಯಲ್ಲಿ ಒಂದು ಬಸ್ಸು ಹಾವೇರಿಯಿಂದ ಗುತ್ತಲಕ್ಕೆ ಹೋಗಿ ಬರಬಹುದಿತ್ತು.

ಊಟದ ಹೊತ್ತಿಗೆ ಅವಳು ಎಲ್ಲರಿಗೂ ಕಾರ್ಡು ಹಂಚಿದಳು. ಒಬ್ಬರು, "ನನ್ನ ಫೋನಿನ್ಯಾಗ ಫೋಟೋ ತುಂಬ್ಯಾವವಾ, ಸ್ವಲ್ಪ ಅಳಿಸಿಕೊಡು" ಅಂತ ಫೋನ್ ಕೊಟ್ಟರು. ಇನ್ನೊಬ್ಬರು ಅವಳ ಎದುರಿಗೇ ಅವಳ ಕಾರ್ಡಿನ ಮೂಲೆಯಿಂದ ಹಲ್ಲು ಚುಚ್ಚಿಕೊಂಡರು. ನನ್ನ ಮೈ ಉರಿಯಿತು. ಅವಳು ಅಳಲಿಲ್ಲ, ನಗಲಿಲ್ಲ, ಕಾರ್ಡು ಹಂಚುವುದನ್ನು ಮುಗಿಸಿ ಬಂದು ನನ್ನ ಪಕ್ಕ ಕೂತು ಊಟ ಮಾಡಿದಳು. ಬ್ಯಾಡಗಿಗೆ ನನ್ನ ಟೆಂಪೋದಲ್ಲೇ ಬಾ ಅಂದೆ. ಬಂದಳು.

ದಾರಿಯಲ್ಲಿ ತನ್ನ ಸಂಗತಿ ಹೇಳಿದಳು. ಅವಳ ತಾಯಿ ಹಸೀನಾಬಿ ಮದುವೆಯಾಗಿ ಬ್ಯಾಡಗಿಗೆ ಬಂದಾಗಿನಿಂದ ಮೆಣಸಿನಕಾಯಿ ತೊಟ್ಟು ಮುರಿಯುವ ಕೆಲಸ ಮಾಡುತ್ತಾಳೆ. ಬ್ಯಾಡಗಿ ನೋಡಿದವರಿಗೆ ಈ ಕೆಲಸ ಗೊತ್ತು. ಗೋದಾಮಿನಲ್ಲಿ ಕೆಂಪಗೆ ಗುಡ್ಡೆ ಹಾಕಿರುತ್ತಾರೆ, ಸುತ್ತ ಹೆಂಗಸರು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಕೂತು ಒಂದೊಂದೇ ಕಾಯಿಯ ತೊಟ್ಟು ಮುರಿಯುತ್ತಾರೆ. ಆ ಘಾಟಿಗೆ ನಾವು ಬಾಗಿಲಲ್ಲಿ ನಿಂತರೂ ಸೀನು ಬರುತ್ತದೆ. ಅವರು ದಿನವಿಡೀ ಅದರಲ್ಲೇ ಕೂತಿರುತ್ತಾರೆ. ಸಣ್ಣವಳಿದ್ದಾಗ ತಾಯಿ ಸಂಜೆ ಬಂದು ತಲೆ ಬಾಚುತ್ತೇನೆಂದರೆ ಮುಸರತ ಓಡಿಹೋಗುತ್ತಿದ್ದಳಂತೆ. ಆ ಕೈ ತಾಕಿದಲ್ಲೆಲ್ಲ ಉರಿಯುತ್ತಿತ್ತು.

ಆ ತಾಯಿ ಮಗಳನ್ನು ಹಾವೇರಿ ಕಾಲೇಜಿನಲ್ಲಿ ಕಂಪ್ಯೂಟರ್ ಓದಿಸಿದಳು. ಮುಸರತ ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯ ಆಫೀಸಿನಲ್ಲಿ ಕೆಲಸಕ್ಕೆ ಸೇರಿದಳು. ಅಲ್ಲಿ ಬೀಜ ಆರಿಸಲು ಹೆಂಗಸರು ಸಿಗುವುದಿಲ್ಲವೆಂದು ಮ್ಯಾನೇಜರು ದಿನಾ ಒದ್ದಾಡುತ್ತಿದ್ದ. ಇತ್ತ ಬ್ಯಾಡಗಿಯಲ್ಲಿ ಅವಳ ತಾಯಿ ಮತ್ತು ಓಣಿಯ ಹೆಂಗಸರು ಚನ್ನೇಶ ಮೇಸ್ತ್ರಿಯ ಬಾಗಿಲಲ್ಲಿ ಇವತ್ತು ನಮ್ಮನ್ನು ಕರೆಯುತ್ತಾನೋ ಇಲ್ಲವೋ ಅಂತ ಕಾಯುತ್ತ ನಿಂತಿರುತ್ತಿದ್ದರು. ಯಾರು ಯಾವ ಗೋದಾಮಿಗೆ ಹೋಗಬೇಕು ಎಂದು ಹೇಳುವವನು ಮೇಸ್ತ್ರಿ. ಕೂಲಿ ಎಷ್ಟೆಂದು ಮುಂಜಾನೆ ಯಾರೂ ಹೇಳುವುದಿಲ್ಲ, ಕೇಳುವ ರೂಢಿಯೂ ಇಲ್ಲ. ಸಾಹುಕಾರರು ಮೇಸ್ತ್ರಿಗೆ ಕೊಡುತ್ತಾರೆ, ಮೇಸ್ತ್ರಿ ತನ್ನ ಪಾಲು ಹಿಡಿದುಕೊಂಡು ಉಳಿದದ್ದನ್ನು ಹಂಚುತ್ತಾನೆ. ಅವನು ಎಷ್ಟು ಹಿಡಿದುಕೊಂಡ ಎಂಬುದು ಅವನಿಗೂ ದೇವರಿಗೂ ಗೊತ್ತು.

ಮುಸರತ ಕೆಲಸ ಬಿಟ್ಟು ಮನೆಯಲ್ಲೇ ಕೂತು ಒಂದು ವ್ಯವಸ್ಥೆ ಮಾಡಿದಳು. ಹೆಸರು 'ಬುಲಾವ್', ಅಂದರೆ ಕರೆ. ಕೆಲಸಕ್ಕೆ ಜನ ಬೇಕಾದ ಮಾಲೀಕರು ಒಂದು ನಂಬರಿಗೆ ಫೋನ್ ಮಾಡಬೇಕು. ಅಲ್ಲೊಂದು ದನಿ ಕೇಳುತ್ತದೆ: ಎಷ್ಟು ಮಂದಿ ಬೇಕು, ಏನು ಕೆಲಸ, ಕೂಲಿ ಎಷ್ಟು, ಯಾವಾಗ ಕೊಡುತ್ತೀರಿ. ಮಾಲೀಕರು ಬಾಯಿಬಿಟ್ಟು ಹೇಳಬೇಕು. ಆ ಪ್ರಶ್ನೆಗಳ ಜೊತೆ ಅವರು ಹೇಳಿದ್ದು ಅವರದೇ ದನಿಯಲ್ಲಿ ಹೆಂಗಸರ ಫೋನಿಗೆ ಹೋಗುತ್ತದೆ. ಬರುವವರು ಒಂದು ಒತ್ತಬೇಕು, ಬರದವರು ಎರಡು. ಓದಲು ಬರಬೇಕಾಗಿಲ್ಲ, ದೊಡ್ಡ ಫೋನ್ ಬೇಕಾಗಿಲ್ಲ, ಗುಂಡಿಯ ಫೋನಿದ್ದರೂ ಸಾಕು. ಇಂಥ ಸರಳ ಸಂಗತಿ ನಮ್ಮ ಸ್ನೇಹಕೂಟದ ಒಬ್ಬ ದೊಡ್ಡಮನುಷ್ಯನ ತಲೆಗೂ ಹೊಳೆದಿರಲಿಲ್ಲ.

"ಆ ಕೇಳೋ ದನಿ ಯಾರದು?" ಅಂದೆ.

"ಈಗ ನಂದ ಐತ್ರಿ. ಹೆಣ್ಮಕ್ಕಳು ನಂಬಂಗಿಲ್ಲ. ಇದ್ಯಾವುದೋ ಬ್ಯಾಂಕಿನ ಹುಡುಗಿ ಅಂತಾರ. ಅಮ್ಮಂದ ಹಾಕಬೇಕಂತೀನಿ" ಅಂದಳು.

ಹಾಗೆ ಹಸೀನಾಬಿ ನನ್ನ ಅಂಗಡಿಗೆ ಬಂದಳು. ಮೈಕಿನ ಮುಂದೆ ಕೂರಿಸಿದೆ. "ಎಷ್ಟು ಮಂದಿ ಬೇಕು ಹೇಳ್ರಿ" ಅನ್ನುವುದನ್ನು ಚೆನ್ನಾಗಿ ಹೇಳಿದಳು. "ಏನು ಕೆಲಸ ಹೇಳ್ರಿ" ಅನ್ನುವುದನ್ನೂ ಹೇಳಿದಳು. "ಕೂಲಿ ಎಷ್ಟು ಕೊಡ್ತೀರಿ" ಎನ್ನುವಲ್ಲಿಗೆ ಬಂದರೆ ಆಕೆಯ ದನಿಯೇ ಬೀಳುತ್ತಿತ್ತು. ಸಾಹುಕಾರರಿಗೆ ಹಾಗೆ ಕೇಳಿ ಗೊತ್ತಿದ್ದರಲ್ಲವೇ? ಮತ್ತೆ ಮತ್ತೆ ಹೇಳಿಸಿದೆ. ಕೊನೆಗೆ ನನ್ನ ಮೇಲೇ ಸಿಡಿದೆದ್ದು, "ಏ ದುರ್ಗೇಶಪ್ಪಾ, ಎಷ್ಟು ಸಲ ಹೇಳಸ್ತೀಯೋ! ಕೂಲಿ ಎಷ್ಟು ಕೊಡ್ತೀರಿ? ಆತಿಲ್ಲೋ?" ಅಂದಳು. ಹಿಂದು ಮುಂದಿನದನ್ನು ಕತ್ತರಿಸಿ ಅದನ್ನೇ ಇಟ್ಟುಕೊಂಡೆವು.

ಹಾವೇರಿಯ ಸಭೆಗೆ ಮೊದಲೇ ಬುಲಾವಿಗೆ ಹೆಸರು ಕೊಟ್ಟವರಲ್ಲಿ ಮೊದಲನೆಯವಳು ಅದೇ ಓಣಿಯ ಭರಮವ್ವ, ಹಸೀನಾಬಿಗಿಂತ ಹಿರಿಯಳು, ತೊಟ್ಟು ಮುರಿದು ಮುರಿದು ಉಗುರು ಸವೆದವಳು. ಆಕೆಯನ್ನು ನೋಡಿ ಉಳಿದವರೂ ಕೊಟ್ಟರು. ಎಪ್ಪತ್ತರ ಹತ್ತಿರ ಹೆಂಗಸರಾದರು. ಕೂಲಿಯವರು ಸಿಕ್ಕರು, ಮಾಲೀಕರು ಒಬ್ಬರೂ ಇಲ್ಲ. ಅದಕ್ಕೇ ಅವಳು ಆ ಸ್ನೇಹಕೂಟದ ಬಾಗಿಲು ತಟ್ಟಿದ್ದು. ಅಲ್ಲಿ ಒಬ್ಬ ಸಾಹುಕಾರ ಒಪ್ಪಿದರೆ ಉಳಿದವರು ತಾವಾಗಿಯೇ ಬರುತ್ತಾರೆ ಎನ್ನುವುದು ಅವಳ ಲೆಕ್ಕ.

ಹಾವೇರಿಯ ಸಭೆಯಾದ ವಾರದಲ್ಲಿ ಚನ್ನೇಶ ಮೇಸ್ತ್ರಿಗೆ ಸುದ್ದಿ ಮುಟ್ಟಿತು. ಅವನು ಕೂಗಾಡಲಿಲ್ಲ. ಮರುದಿನ ಮುಂಜಾನೆ ಬಾಗಿಲಲ್ಲಿ ನಿಂತವರಿಗೆ, "ಯಾರ್‍ಯಾರು ಆ ಹುಡುಗಿ ಫೋನಿನ್ಯಾಗ ಹೆಸರು ಬರಸೀರಿ, ಅವರೆಲ್ಲಾ ಫೋನ್ ಬರೂತನಕ ಮನ್ಯಾಗ ಕುಂದರ್‍ರಿ" ಅಂದನಂತೆ. ಹಸೀನಾಬಿ ಸೇರಿ ಎಪ್ಪತ್ತು ಹೆಂಗಸರು ಮನೆಗೆ ಬಂದರು. ಸುಗ್ಗಿ ಶುರುವಾಗುವ ಹೊತ್ತು ಅದು. ವರ್ಷದ ಅನ್ನವೆಲ್ಲ ಆ ಮೂರು ತಿಂಗಳಲ್ಲೇ ಹುಟ್ಟಬೇಕು. ಒಬ್ಬನಾದರೂ ಮಾಲೀಕ ಆ ನಂಬರಿಗೆ ಫೋನ್ ಮಾಡದಿದ್ದರೆ ಮುಸರತಳ ಕಂಪನಿ ಮುಳುಗುವುದು ಹಾಗಿರಲಿ, ಅವಳ ಮಾತು ನಂಬಿದ ಹೆಂಗಸರು ಮೇಸ್ತ್ರಿಯ ಕಾಲು ಹಿಡಿಯಬೇಕಾಗಿತ್ತು.

ಬ್ಯಾಡಗಿಯ ಸಭೆಗೆ ಅವಳು ಈ ಭಾರ ಹೊತ್ತು ಬಂದಳು. ಮತ್ತೆ ಕುರ್ಚಿ, ಮತ್ತೆ ಶಾಲು, ಈ ಸಲ ತಲೆಗೆ ಪೇಟ ಕೂಡ. ಮತ್ತೆ ವೇಳೆಯ ಅಭಾವ. ನಾನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ದನಿ ಸರಿಪಡಿಸುತ್ತ ಕೂತಿದ್ದೆ. ವೇದಿಕೆಯ ಮೇಜಿನ ಮೇಲೆ ಒಂದು ಮೈಕ್ ಚಾಲೂ ಇತ್ತು, ಸ್ಪೀಕರಿಗೆ ಬಿಟ್ಟಿರಲಿಲ್ಲ, ನನ್ನ ಕಿವಿಗಷ್ಟೇ ಬರುತ್ತಿತ್ತು. ಪಕ್ಕದವರ ಜೊತೆ ಮಾಲತೇಶ ಸಾಹುಕಾರರು ಮೆಲ್ಲಗೆ ಮಾತಾಡುತ್ತಿದ್ದರು.

"ಹುಡುಗಿ ಏನೋ ಹೇಳಬೇಕಂತಾಳಲ್ರಿ" ಅಂದರು ಪಕ್ಕದವರು.

"ಕೂಲಿ ಎಷ್ಟಂತ ಮೊದಲ ಹೇಳಬೇಕಂತ್ರಿ, ಅದೂ ನಮ್ಮ ಬಾಯಿಲೆ! ಇವತ್ತ ಒಬ್ಬರು ಹೇಳಿದ್ರ ನಾಳೆ ಎಲ್ಲಾ ಗೋದಾಮಿನ್ಯಾಗೂ ಕೇಳತಾವ. ಒಳ್ಳೆ ಹುಡುಗಿ, ಬೈಯಾಕ ಬರಂಗಿಲ್ಲ. ಶಾಲು ಹಾಕಿ ಕಳಿಸಿಬಿಡೂದು. ಶಾಲು, ಹಾರ ಎಲ್ಲಾ ಚನ್ನೇಶನ ನೋಡ್ಕೋತೀನಿ ಅಂದಾನ" ಅಂದರು ಸಾಹುಕಾರರು.

ನನಗೆ ತಲೆ ಕೆಟ್ಟುಹೋಯಿತು. ಅಂದರೆ ಇವರಿಗೆ ಅವಳ ಮಾತು ತಿಳಿಯದೆ ಇರಲಿಲ್ಲ. ಚೆನ್ನಾಗಿ ತಿಳಿದಿತ್ತು. ತಿಳಿದೇ ಶಾಲು ಹೊದಿಸುತ್ತಿದ್ದರು. ಬೈದು ಕಳಿಸಿದರೆ ಅವಳು ತಿರುಗಿ ಬೀಳುತ್ತಾಳೆ. ಶಾಲು ಹೊದಿಸಿದವರ ಮುಂದೆ ಏನು ಮಾತಾಡುತ್ತಾಳೆ? ನಮ್ಮ ಸೀಮೆಯಲ್ಲಿ ಒಬ್ಬರ ಬಾಯಿ ಮುಚ್ಚಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಅದಕ್ಕೆ ರೊಕ್ಕ ಕೊಡುವವರೂ ಸಿಗುತ್ತಾರೆ, ಫೋಟೋನೂ ಬರುತ್ತದೆ.

ಸಭೆ ಮುಗಿದ ಮೇಲೆ ಅವಳ ಮನೆಗೆ ಹೋಗಿ ಕೇಳಿದ್ದನ್ನೆಲ್ಲ ಹೇಳಿದೆ. ಭರಮವ್ವನೂ ಅಲ್ಲೇ ಇದ್ದಳು.

"ಮೇಸ್ತ್ರಿ ಕೊಡಿಸಿದ್ದೇನು ಇದು?" ಅನ್ನುತ್ತ ಭರಮವ್ವ ಆ ಶಾಲನ್ನು ಮುಟ್ಟಿ ನೋಡಿ, "ನಮ್ಮ ಕೂಲಿಯೊಳಗ ಹಿಡದದ್ದು ಇಲ್ಲಿ ಬಂದೈತಿ ನೋಡು ಹಸೀನಾ. ನಿನ್ನ ಮಗಳಿಗೆ ಹೊಚ್ಚ್ಯಾರ. ಮುಂದಿನ ಸಲ ನಮಗ ಒಂದೊಂದು ಹೊಚ್ಚಲಿಕ್ಕೆ ಹೇಳು, ಹೊಚ್ಚಿಕೊಂಡು ಹಸದು ಮಲಗತೀವಿ" ಅಂದಳು.

ಮುಸರತಳ ಮುಖ ಕೆಂಪಾಯಿತು. ಮೊದಲ ಸಲ ಅವಳ ಸಿಟ್ಟನ್ನು ನೋಡಿದೆ. "ಇನ್ನ ಐದು ನಿಮಿಷ ಕೊಡ್ರಿ ಅಂತ ಯಾರಿಗೂ ಕೈ ಮುಗಿಯಂಗಿಲ್ಲ" ಅಂದಳು. ಶಾಲನ್ನು ಮಡಚಿ ಬದಿಗಿಟ್ಟು ನನ್ನನ್ನು ಕೇಳಿದಳು: "ದುರ್ಗೇಶಣ್ಣಾ, ವ್ಯಾಳ್ಯಾ ಇಲ್ಲಂತ ವಂದನಾರ್ಪಣೆ ಬಿಟ್ಟದ್ದು ಯಾವಾಗರೆ ನೋಡೀರೇನ್ರಿ?"

ನೋಡಿರಲಿಲ್ಲ. ಇಷ್ಟು ವರ್ಷಗಳಲ್ಲಿ ಒಂದೇ ಒಂದು ಸಭೆಯಲ್ಲೂ ನೋಡಿರಲಿಲ್ಲ. ಮಳೆ ಬರಲಿ, ಕರೆಂಟ್ ಹೋಗಲಿ, ಅತಿಥಿ ಎದ್ದು ಹೋಗಲಿ, ವಂದನಾರ್ಪಣೆ ಆಗಲೇಬೇಕು. ಯಾಕೆಂದರೆ ಅದರಲ್ಲಿ ಎಲ್ಲರ ಹೆಸರು ಬರುತ್ತದೆ. ತಮ್ಮ ಹೆಸರು ಬರುವ ತನಕ ವೇದಿಕೆಯವರು ಏಳುವುದಿಲ್ಲ. ಆದರೆ ಆ ಕೆಲಸ ಮಾಡುವುದಕ್ಕೆ ಯಾರಿಗೂ ಮನಸ್ಸಿರುವುದಿಲ್ಲ, ಊಟಕ್ಕೆ ಹಿಂದೆ ಬೀಳುತ್ತೇವೆಂದು. ಅವಳು ಕಾರ್ಯದರ್ಶಿಗೆ ಫೋನ್ ಮಾಡಿ ರಾಣೆಬೆನ್ನೂರಿನ ಸಭೆಯಲ್ಲಿ ತಾನೇ ವಂದನಾರ್ಪಣೆ ಮಾಡುತ್ತೇನೆ ಅಂದಳು. ಅವನಿಗೆ ಖುಷಿಯೋ ಖುಷಿ.

ರಾಣೆಬೆನ್ನೂರಿನದು ವರ್ಷದ ದೊಡ್ಡ ಸಭೆ. ರೈಲ್ವೆ ಸ್ಟೇಷನ್ ರಸ್ತೆಯ ಕಲ್ಯಾಣಮಂಟಪ ತುಂಬಿತ್ತು. ಬೀಜದ ಕಂಪನಿಯವರು ಮುಂದಿನ ಸಾಲು, ಕುಮಾರಪಟ್ಟಣದ ಕಡೆಯ ಗುತ್ತಿಗೆದಾರರು ಅವರ ಹಿಂದೆ. ವೇದಿಕೆಯ ಮೇಲೆ ಮಾಲತೇಶ ಸಾಹುಕಾರರ ಎಡಕ್ಕೆ, ಪ್ರಾಯೋಜಕನೆಂಬ ಗೌರವದಲ್ಲಿ, ಇಸ್ತ್ರಿ ಅಂಗಿ ಹಾಕಿದ ಚನ್ನೇಶ ಮೇಸ್ತ್ರಿ. ಮುಸರತಳಿಗೆ ಮೂರನೇ ಶಾಲು ಹೊದಿಸಿದವನು ಅವನೇ. ಅವಳು ತಲೆ ಬಗ್ಗಿಸಿ ಹೊದಿಸಿಕೊಂಡಳು. ನನಗೆ ನೋಡಲಾಗಲಿಲ್ಲ.

ಕೊನೆಗೆ ವಂದನಾರ್ಪಣೆ ಬಂತು. ಹಿಂದಿನ ಸಾಲಿನವರು ಆಗಲೇ ಊಟದ ಕಡೆ ನಡೆದಿದ್ದರು. ಅವಳು ಶಾಲು ಹೊದ್ದುಕೊಂಡೇ ಮೈಕಿನ ಮುಂದೆ ನಿಂತಳು.

"ಎಲ್ಲಾರಿಗೂ ನಮಸ್ಕಾರ್‍ರಿ. ಊಟ ತಯಾರೈತಿ, ಭಾಳ ಹೊತ್ತು ಹಿಡಿಯಂಗಿಲ್ಲ. ಅಧ್ಯಕ್ಷರಾದ ಮಾಲತೇಶ ಸಾಹುಕಾರ್‍ರಿಗೆ ವಂದನೆಗಳು. ಇವರ ಗೋದಾಮಿನ್ಯಾಗ ನಮ್ಮ ಅಮ್ಮ ನಾ ಹುಟ್ಟೂಕಿಂತ ಮೊದಲಿಂದ ತೊಟ್ಟು ಮುರಿತಾಳ. ಇವತ್ತಿನ ಕೂಲಿ ಇಷ್ಟು ಅಂತ ಒಂದು ದಿನಾ ಮುಂಜಾನೆ ಆಕಿಗೆ ಹೇಳಿಲ್ಲ. ಮಗಳಿಗೆ ಮಾತ್ರ ಶಾಲು ಹಾಕ್ಯಾರ. ಅವರಿಗೆ ವಂದನೆಗಳು."

ಊಟದ ಕಡೆ ಹೊರಟವರು ನಿಂತರು.

"ಶಾಲು, ಹಾರ, ಹಣ್ಣಿನ ಬುಟ್ಟಿ ಪ್ರಾಯೋಜನೆ ಮಾಡಿದ ಚನ್ನೇಶ ಮೇಸ್ತ್ರಿಯವರಿಗೆ ವಂದನೆಗಳು. ನನ್ನ ಬುಲಾವಿಗೆ ಹೆಸರು ಕೊಟ್ಟ ತಪ್ಪಿಗೆ ಎಪ್ಪತ್ತು ಹೆಣ್ಮಕ್ಕಳನ್ನ ಇವರು ಸುಗ್ಗಿಯೊಳಗ ಮನ್ಯಾಗ ಕುಂದರ್‍ಸ್ಯಾರ. ಆ ಹೆಣ್ಮಕ್ಕಳ ಕೂಲಿಯೊಳಗ ಹಿಡಕೊಂಡ ರೊಕ್ಕದಾಗ ಈ ಶಾಲು ಬಂದೈತಿ. ಹಂಗಾಗಿ ಇದರ ಖರೇ ಪ್ರಾಯೋಜಕರು ಅವರು. ಅವರಿಗೂ ವಂದನೆಗಳು. ಅವರನ್ನ ಇಲ್ಲಿಗೆ ಕರದಿಲ್ಲ."

ಕಾರ್ಯದರ್ಶಿ ಓಡುತ್ತ ನನ್ನ ಕಡೆ ಬಂದ. "ಏ ದುರ್ಗೇಶ, ಮೈಕ್ ಬಂದ್ ಮಾಡಲೇ!"

"ಹೆಂಗ ಮಾಡ್ಲಿರಿ? ಮೈಕಿನವರ ಹೆಸರು ಇನ್ನ ಬಂದಿಲ್ಲ" ಅಂದೆ.

"ತಲಿ ಕೆಟ್ಟೈತೇನು ನಿನಗ? ಇನ್ನ ಮುಂದ ಒಂದು ಸಭಾನೂ ಕೊಡಂಗಿಲ್ಲ ನಿನಗ."

"ಕೊಡಬ್ಯಾಡ್ರಿ" ಅಂದೆ. ಅಷ್ಟು ಹೇಳಿದಾಗ ಎದೆಯ ಮೇಲಿನ ಕಲ್ಲೊಂದನ್ನು ಇಳಿಸಿಟ್ಟ ಹಾಗಾಯಿತು.

ಅವಳು ಅಡಿಗೆಯವರನ್ನು, ಬಡಿಸುವ ಹೆಂಗಸರನ್ನು ನೆನೆದಳು. ನನ್ನ ಹೆಸರನ್ನೂ ಸರಿಯಾಗಿ ಹೇಳಿದಳು. ಆಮೇಲೆ ಬುಲಾವಿನ ನಂಬರನ್ನು ನಿಧಾನವಾಗಿ ಓದಿ, "ಬರಕೊಳ್ಳಾಕ ಮನಸಿಲ್ಲಂದ್ರ ಕೇಳಿಸ್ಕೊಂಡ್ರೂ ನಡೀತೈತಿ" ಎಂದು ಕೈಮುಗಿದು ಕೆಳಗಿಳಿದಳು. ಒಬ್ಬರೂ ಚಪ್ಪಾಳೆ ಹೊಡೆಯಲಿಲ್ಲ. ಸಾಹುಕಾರರು ಫೋಟೋದವನು ಇನ್ನೂ ನಿಂತಿದ್ದಾನೆಂದು ನಗುತ್ತಲೇ ಇದ್ದರು. ಚನ್ನೇಶ ಊಟ ಬಿಟ್ಟು ಹೋದ. ಊಟದ ಸಾಲಿನಲ್ಲಿ ಬೀಜದ ಕಂಪನಿಯ ಮ್ಯಾನೇಜರು, ಅವಳ ಹಳೇ ಸಾಹೇಬರು, ಅವಳನ್ನು ಕಂಡು ಪಲ್ಯದ ಪಾತ್ರೆಯನ್ನೇ ನೋಡುತ್ತ ನಿಂತರು.

ಇದಾದ ಮೇಲೆ ಎಲ್ಲ ಸರಿಹೋಯಿತು ಅಂದುಕೊಂಡರೆ ತಪ್ಪು. ಬುಲಾವಿಗೆ ಒಂದು ಫೋನೂ ಬರಲಿಲ್ಲ. ಹಸೀನಾಬಿ ಮಗಳ ಮೇಲೆ ಹರಿಹಾಯ್ದಳು. "ಒಂದ ಬಾಗಲಾ ತೆರೀತಿತ್ತೇನೋ, ಅದನ್ನೂ ಹಾಕಿಸಿ ಬಂದಿ. ಈಗ ಯಾರ ಮನಿಗೆ ಹೋಗಿ ಕೆಲಸ ಕೇಳ್ಲಿ?" ಓಣಿಯ ಹೆಂಗಸರು ಮುಸರತ ಎದುರಿಗೆ ಬಂದರೆ ಮುಖ ತಿರುಗಿಸುತ್ತಿದ್ದರು. ನನ್ನ ಟೆಂಪೋ ಮನೆಯ ಮುಂದೆ ನಿಂತಿತ್ತು. ನಾನೂ ಒಳಗೊಳಗೇ ಅವಳನ್ನು ಬೈದುಕೊಂಡೆ.

ಆದರೆ ರಾಣೆಬೆನ್ನೂರಿನಲ್ಲಿ ಬಡಿಸಲು ಬಂದಿದ್ದ ಹೆಂಗಸರಿಗೆ ಬ್ಯಾಡಗಿಯಲ್ಲಿ ಅಕ್ಕ ತಂಗಿಯರಿದ್ದರು. ಮೇಸ್ತ್ರಿಯ ಹೆಸರು ಹಿಡಿದು ಸಾಹುಕಾರರ ಎದುರಿಗೇ ಹಾಗೆ ಅಂದಳಂತೆ, ಮೇಸ್ತ್ರಿ ಬಾಯಿ ಬಿಡಲಿಲ್ಲವಂತೆ ಎಂಬ ಸುದ್ದಿ ಅವರ ಮೂಲಕ ಗೋದಾಮುಗಳಿಗೆ ಮುಟ್ಟಿತು. ಚನ್ನೇಶನ ಕಡೆ ಇನ್ನೂ ಕೆಲಸ ಮಾಡುತ್ತಿದ್ದ ಹೆಂಗಸರು ಒಂದು ಸೋಮವಾರ ಮುಂಜಾನೆ ಗೋದಾಮಿನ ಬಾಗಿಲಲ್ಲೇ ನಿಂತು, "ಸಾಹುಕಾರ್‍ರು ಎಷ್ಟು ಕೊಡ್ತಾರ, ನೀ ಎಷ್ಟು ಹಿಡೀತಿ, ಮೊದಲ ಹೇಳು" ಅಂದರು. ಅವನು ಬಾಯಿಗೆ ಬಂದದ್ದು ಬೈದ. ಅವರು ಅಲ್ಲಿಂದಲೇ ತಿರುಗಿ ಮನೆಗೆ ಹೋದರು.

ಸೋಮವಾರ ಬ್ಯಾಡಗಿಯಲ್ಲಿ ಮಾರುಕಟ್ಟೆ. ಅವತ್ತು ಚೀಲಗಳ ಮೇಲೆ ಚೀಲ ಬಂದಿದ್ದವು, ಆಕಾಶದಲ್ಲಿ ಅಕಾಲದ ಮೋಡ ಬೇರೆ. ಮಾಲತೇಶ ಸಾಹುಕಾರರ ಅಂಗಳದಲ್ಲಿ ಮೆಣಸಿನಕಾಯಿ ಬಿಚ್ಚಿ ಹರವಿತ್ತು, ಮುಟ್ಟಲು ಒಬ್ಬ ಹೆಂಗಸಿಲ್ಲ. ನಾನು ಹಸೀನಾಬಿಯ ಮನೆಯಲ್ಲಿದ್ದೆ. ಬಾಡಿಗೆ ಇಲ್ಲದವನಿಗೆ ಇನ್ನೇನು ಕೆಲಸ? ಭರಮವ್ವ ಹೊಸ್ತಿಲಲ್ಲಿ ಕೂತಿದ್ದಳು. ಮುಸರತಳ ಫೋನ್ ರಿಂಗಾಯಿತು. ಸಾಹುಕಾರರೇ.

"ತಂಗೀ, ಆದದ್ದು ಆತು. ಲಗೂನ ಐವತ್ತು ಹೆಣ್ಮಕ್ಕಳನ್ನ ಕಳಸವಾ. ಕೂಲಿ ನೋಡಿ ಕೊಡೂಣಂತ."

"ನನಗ ಹೇಳಬ್ಯಾಡ್ರಿ ಸಾಹುಕಾರ್‍ರ. ಆ ನಂಬರಿಗೆ ಹೇಳ್ರಿ" ಎಂದು ಮುಸರತ ಫೋನ್ ಇಟ್ಟಳು.

ಬಹಳ ಹೊತ್ತಾಯಿತು ಅನ್ನಿಸಿತು. ಆಮೇಲೆ ಹಸೀನಾಬಿಯ ಫೋನ್ ರಿಂಗಾಯಿತು, ಅದರ ಹಿಂದೆಯೇ ಭರಮವ್ವನದು, ಗೋಡೆಯಾಚೆ ಪಕ್ಕದ ಮನೆಯವರದು. ಮಾಲತೇಶ ಸಾಹುಕಾರರ ದನಿ: ತಮ್ಮ ಗೋದಾಮು, ತೊಟ್ಟು ಮುರಿಯುವುದು, ಕೂಲಿ ಇಷ್ಟು, ಕೊಡುವುದು ಶನಿವಾರ. ಅಷ್ಟನ್ನು ಹೇಳುವಷ್ಟರಲ್ಲಿ ಎರಡು ಸಲ ಕೆಮ್ಮಿದರು.

ಭರಮವ್ವ ಫೋನನ್ನು ಕಿವಿಯಿಂದ ತೆಗೆದು ಅದರ ಮುಖ ನೋಡಿದಳು. "ಇಷ್ಟ ಮಾತು ಹೇಳಾಕ ಈ ಸಾಹುಕಾರಗ ಇಷ್ಟು ವರ್ಷ ಬೇಕಾತೇನು?" ಅಂದಳು. ಕಣ್ಣಲ್ಲಿ ನೀರಿತ್ತು, ಮಾತಿನಲ್ಲಿ ಬೆಂಕಿ ಇತ್ತು. ಆಮೇಲೆ ಎರಡು ಒತ್ತಿದಳು.

ಹಸೀನಾಬಿಯೂ ಎರಡು ಒತ್ತಿದಳು.

"ಅಮ್ಮಾ!" ಮುಸರತ ಕೂಗಿಯೇ ಬಿಟ್ಟಳು. "ಇದು ನನ್ನ ಮೊದಲನೇ ಗಿರಾಕಿ ಅಮ್ಮಾ!"

"ಗಿರಾಕಿ ನಿನಗ. ನನಗ ಅವ ಸಾಹುಕಾರ" ಅಂದಳು ಹಸೀನಾಬಿ. "ಇಷ್ಟ ಕೂಲಿ, ಅದೂ ಶನಿವಾರ ಅಂದ್ರ ಮೇಸ್ತ್ರಿನ ಏನು ಕೆಟ್ಟಿದ್ದ? ಬೇಕು ಬ್ಯಾಡ ಅನ್ನೋ ಗುಂಡಿ ನೀನ ಇಟ್ಟೀಯಲ್ಲ. ಒತ್ತಬಾರದೇನು?"

ಮುಸರತ ಲ್ಯಾಪ್‌ಟಾಪ್ ತೆರೆದು ನೋಡಿದಳು. ಓಣಿಯ ಮನೆಮನೆಯಿಂದ ಎರಡು, ಎರಡು, ಎರಡು ಬರುತ್ತಿತ್ತು. ಯಾರೂ ಯಾರ ಜೊತೆಗೂ ಮಾತಾಡಿಕೊಂಡಿರಲಿಲ್ಲ. ಈ ಕೂಲಿಗೆ ಯಾರೂ ಬರುವುದಿಲ್ಲ ಎಂದು ಸಾಹುಕಾರರಿಗೆ ಫೋನು ತಾನೇ ಹೇಳಿತು. ಅವಳು ತಲೆಗೆ ಕೈ ಕೊಟ್ಟು ಕೂತಳು. ಹೊರಗೆ ಗಾಳಿ ಎದ್ದಿತ್ತು.

ಮತ್ತೆ ಫೋನುಗಳು ರಿಂಗಾದವು. ಈ ಸಲ ಸಾಹುಕಾರರು ಕೆಮ್ಮಲಿಲ್ಲ. ಕೂಲಿ ಹೆಚ್ಚಾಗಿತ್ತು. ಸಂಜೆಯೇ ಕೊಡುತ್ತೇನೆ, ಕೈಯಲ್ಲೇ ಕೊಡುತ್ತೇನೆ ಅಂದರು.

ಹಸೀನಾಬಿ ಒಂದು ಒತ್ತಿ ಎದ್ದಳು. ಮುಖಕ್ಕೆ ಕಟ್ಟುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು, ಭರಮವ್ವನನ್ನು ಕೈ ಹಿಡಿದು ಎಬ್ಬಿಸಿ, ಹೊಸ್ತಿಲು ದಾಟಿ ನಿಂತಳು. ಮಗಳ ಕಡೆ ತಿರುಗಿದಳು.

"ಕುಡಿಯಾಕ ನೀರು ಇಡತೀರೇನು ಅಂತ ಯಾಕ ಕೇಳಂಗಿಲ್ಲ ನಿನ್ನ ಫೋನು? ಆ ಘಾಟಿನ್ಯಾಗ ದಿನಾ ಗಂಟಲಾ ಒಣಗಿಸಿಕೊಂಡು ಕುಂದ್ರೂದು ನಿನಗ ಗೊತ್ತಿಲ್ಲೇನು?"

ಮುಸರತ ಲ್ಯಾಪ್‌ಟಾಪನ್ನು ಹತ್ತಿರ ಎಳೆದುಕೊಂಡಳು.

"ಸಂಜಿಗೆ ಬರತೀನಿ. ಅಷ್ಟರಾಗ ಅದನ್ನೂ ಹಾಕು" ಅಂದು ಹಸೀನಾಬಿ ಓಣಿಯ ಹೆಂಗಸರ ಜೊತೆ ನಡೆದಳು.